ಬೆಳೆದ ಗಿಡ ಕಿತ್ತು ಬೇರೆ ಕಡೆ ನೆಡುವುದು: ಮಳೆ ನೋಡಬೇಕಾ, ಗಾಳಿ ನೋಡಬೇಕಾ?

ಗುಂಪಿನ ನಿರ್ವಾಹಕರು: ಈ ಶನಿವಾರದ ಪ್ರಶ್ನೋತ್ತರಕ್ಕೆ ನಮ್ಮ ನರ್ಸರಿ ಅಣ್ಣ ಸಿಕ್ಕಿದ್ದಾರೆ. ದಾವಣಗೆರೆ, ಚಿತ್ರದುರ್ಗ ಸುತ್ತಮುತ್ತ 26 ವರ್ಷದಿಂದ ನರ್ಸರಿ, ಮನೆ ತೋಟದ ಕೆಲಸ ಮಾಡುತ್ತಿರುವವರು. ವಿಷಯ, ನೆಲದಲ್ಲಿ ಬೇರೂರಿ ಬೆಳೆದ ಹೂವಿನ ಗಿಡವನ್ನು ಎತ್ತಿ ಬೇರೆ ಜಾಗಕ್ಕೆ ಹಾಕುವುದು. ಕೇಳುವವರು ಗಿಡದ ವಯಸ್ಸು, ಎತ್ತರ, ಮಣ್ಣು ಯಾವುದು ಅಂತ ಬರೆಯಿರಿ. "ಗಿಡ ಒಣಗ್ತಿದೆ ಏನ್ಮಾಡ್ಲಿ" ಅಂತ ಒಂದೇ ಸಾಲು ಹಾಕಿದರೆ ಅವರಾದರೂ ಏನು ಹೇಳುತ್ತಾರೆ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ): ನಮಸ್ಕಾರ ಅಣ್ಣ. ನಮ್ಮ ಮನೆ ಮುಂದೆ 12 ವರ್ಷದ ಕೆಂಪು ದಾಸವಾಳ ಇದೆ. ನಮ್ಮತ್ತೆ ನೆಟ್ಟಿದ್ದು. ಏಳು ಅಡಿ ಎತ್ತರ, ದಿನಾ ಪೂಜೆಗೆ 15-20 ಹೂವು ಬಿಡುತ್ತದೆ. ದೀಪಾವಳಿ ಆದ ಮೇಲೆ ಕಾರಿಗೆ ಶೆಡ್ ಹಾಕಿಸುತ್ತಿದ್ದೇವೆ. ಗಿಡ ಸರಿಯಾಗಿ ಅದೇ ಜಾಗದಲ್ಲಿದೆ. ಹಿತ್ತಲಿಗೆ ಒಯ್ಯಬೇಕು. ಎರೆ (ಕಪ್ಪು) ಮಣ್ಣು. ಕೆಲಸದ ಹುಡುಗ "ಈಗ ಮಳೆಗಾಲ ಅಲ್ವಾ ಅಕ್ಕ, ನಾಳೆನೇ ಕಿತ್ತು ಹಾಕ್ತೀನಿ" ಅಂತಾನೆ. ಅತ್ತೆ "ನನ್ನ ಗಿಡ ಮುಟ್ಟಿದ್ರೆ ನೋಡು" ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಅಕ್ಕ, ಇಬ್ಬರ ಮಾತನ್ನೂ ಅರ್ಧರ್ಧ ಕೇಳಿ. ಗಿಡ ಮುಟ್ಟಬಹುದು, ಆದರೆ ನಾಳೆ ಬೇಡ.

ದಾಸವಾಳ ಗಟ್ಟಿ ಜೀವ. 12 ವರ್ಷದ್ದು ಅಂತ ಹೆದರಬೇಡಿ, ಇದಕ್ಕಿಂತ ಹಳೆಯದನ್ನೂ ಎತ್ತಿಟ್ಟಿದ್ದೇನೆ. ಈಗ ಆಗಸ್ಟ್ ಎರಡನೇ ವಾರ. ದೀಪಾವಳಿವರೆಗೆ ಟೈಮ್ ಇದೆಯಲ್ಲ, ಅದೇ ನಿಮ್ಮ ಪುಣ್ಯ. ಬಹಳ ಜನ ಜೆಸಿಬಿ ಗೇಟಿನ ಹತ್ತಿರ ಬಂದು ನಿಂತ ಮೇಲೆ ನನಗೆ ಫೋನ್ ಮಾಡುತ್ತಾರೆ.

ಮೊದಲು ಆ "ಮಳೆಗಾಲ ಅಲ್ವಾ" ಅನ್ನೋ ಮಾತು. ಯಾವ ವಿಡಿಯೋ ನೋಡಿದರೂ ಮುಂಗಾರು ಶುರುವಾದ ಕೂಡಲೇ ನೆಡಿ ಅಂತಲೇ ಹೇಳುತ್ತಾರೆ. ಸಣ್ಣ ಸಸಿಗೆ ಅದು ಸರಿ. ಮಲೆನಾಡಿನಲ್ಲಾದರೆ ಬೆಳೆದ ಗಿಡಕ್ಕೂ ಸರಿ. ನಮ್ಮ ಬಯಲು ಸೀಮೆಗೆ ಆ ಲೆಕ್ಕ ನಡೆಯಲ್ಲ. ನಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಇರುತ್ತದೆ, ತುಂತುರು ಇರುತ್ತದೆ, ಆದರೆ ಮಳೆಗಿಂತ ಗಾಳಿ ಜಾಸ್ತಿ. ಚಿತ್ರದುರ್ಗದ ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಾರಾ? ಈ ತಿಂಗಳುಗಳಲ್ಲಿ ಅವು ಹೇಗೆ ತಿರುಗುತ್ತವೆ ಅಂತ ಹೈವೇಯಲ್ಲಿ ಹೋಗುವಾಗ ನೋಡಿರುತ್ತೀರಿ. ಅದೇ ಗಾಳಿ ಎಲೆಯಿಂದ ನೀರು ಎಳೆಯುತ್ತದೆ. ಹೊಸದಾಗಿ ಕಿತ್ತ ಗಿಡಕ್ಕೆ ಅರ್ಧಕ್ಕಿಂತ ಜಾಸ್ತಿ ಬೇರು ಹೋಗಿರುತ್ತದೆ. ಕೆಳಗಿಂದ ಬರೋದು ಒಂದು ಲೋಟ, ಮೇಲಿಂದ ಹೋಗೋದು ಒಂದು ಚೊಂಬು. ನೆಲ ಒದ್ದೆ ಇದ್ದರೂ ಗಿಡ ಒಣಗುತ್ತದೆ. "ನೀರು ಹಾಕ್ತಾನೇ ಇದ್ವಿ ಸರ್" ಅಂತ ಬಂದು ಹೇಳುತ್ತಾರೆ. ಪಾಪ, ಹಾಕಿಯೇ ಇರುತ್ತಾರೆ.

ಈ ಬುದ್ಧಿ ನನಗೂ ಪುಕ್ಕಟೆ ಬಂದಿಲ್ಲ. ಕೆಲಸ ಶುರು ಮಾಡಿದ ಮೂರನೇ ವರ್ಷ. ಒಂದು ಕಲ್ಯಾಣ ಮಂಟಪದ ಮುಂದಿದ್ದ 40 ದಾಸವಾಳ ಎತ್ತಿ ಹಿಂದಿನ ಕಾಂಪೌಂಡ್ ಉದ್ದಕ್ಕೂ ಹಾಕುವ ಕೆಲಸ ಸಿಕ್ಕಿತು. ಜೂನ್ ಕೊನೆಯ ಆರಿದ್ರಾ ಮಳೆ ಎರಡು ದಿನ ಚೆನ್ನಾಗಿ ಹುಯ್ದಿತ್ತು. ಖುಷಿಯಲ್ಲಿ ನಾಲ್ಕು ಆಳು ಹಚ್ಚಿ ಎಲ್ಲಾ ಎತ್ತಿ ಹಾಕಿಬಿಟ್ಟೆ. ಆಮೇಲೆ 12 ದಿನ ಒಂದು ಹನಿ ಇಲ್ಲ, ಬರೀ ಗಾಳಿ. 40ರಲ್ಲಿ ಉಳಿದದ್ದು 14. ಮಾಲೀಕರು ಬಯ್ಯಲಿಲ್ಲ, ದುಡ್ಡೂ ಕೊಡಲಿಲ್ಲ.

ನಮ್ಮ ಕಡೆ ನೆಲದ ಹೊಟ್ಟೆಗೆ ನೀರಿಳಿಸೋ ಮಳೆ ಅಂದರೆ ಉತ್ತರೆ, ಹಸ್ತ, ಚಿತ್ತೆ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೂರನೇ ವಾರದವರೆಗೆ ಅಂತ ಇಟ್ಟುಕೊಳ್ಳಿ. ಅಷ್ಟೊತ್ತಿಗೆ ಗಾಳಿ ತಗ್ಗಿರುತ್ತದೆ. ಮಣ್ಣು ಇನ್ನೂ ಬೆಚ್ಚಗಿರುತ್ತದೆ. ಬೇರು ಹೊಡೆಯೋಕೆ ಬೆಚ್ಚಗಿನ ಒದ್ದೆ ಮಣ್ಣೇ ಬೇಕು. ಬೇಸಿಗೆ ಬರೋದರೊಳಗೆ ನಾಲ್ಕು ತಿಂಗಳಾದರೂ ಸಿಗುತ್ತದೆ. ಹಸ್ತ ಮಳೆ ಸೆಪ್ಟೆಂಬರ್ 27ರ ಹೊತ್ತಿಗೆ ಕೂಡುತ್ತದೆ. ನಿಮ್ಮ ಗಿಡಕ್ಕೆ ಅದೇ ಮುಹೂರ್ತ.

ಅಲ್ಲಿವರೆಗೆ ಸುಮ್ಮನೆ ಕೂರೋದಲ್ಲ. ಬೇರು ಕಡಿಯುವ ಕೆಲಸ ಈ ವಾರವೇ ಶುರುವಾಗಬೇಕು.

ಬುಡದಿಂದ ಮುಕ್ಕಾಲು ಅಡಿ ದೂರಕ್ಕೆ ಸುತ್ತ ರಂಗೋಲಿ ಪುಡಿಯಲ್ಲಿ ಒಂದು ಚಕ್ರ ಬಿಡಿ. ಅದನ್ನು ಆರು ಭಾಗ ಮಾಡಿ. ಒಂದು ಬಿಟ್ಟು ಒಂದು, ಅಂದರೆ ಮೂರು ಭಾಗದಲ್ಲಿ ಮಾತ್ರ, ಆ ಗೆರೆಯ ಹೊರಗೆ ಅರ್ಧ ಅಡಿ ಅಗಲ, ಒಂದೂಕಾಲು ಅಡಿ ಆಳ ಕಾಲುವೆ ತೋಡಿಸಿ. ಅಡ್ಡ ಬಂದ ಬೇರನ್ನು ಗುದ್ದಲಿಯಲ್ಲಿ ಜಜ್ಜಬೇಡಿ. ಜಜ್ಜಿದ ಬೇರು ಕೊಳೆಯುತ್ತದೆ. ಸಣ್ಣದನ್ನು ಕತ್ತರಿಯಲ್ಲಿ, ಬೆರಳು ದಪ್ಪದ್ದನ್ನು ಗರಗಸದಲ್ಲಿ ನೀಟಾಗಿ ಕತ್ತರಿಸಿ. ಆಮೇಲೆ ತೆಗೆದ ಎರೆ ಮಣ್ಣಿಗೆ ಅಷ್ಟೇ ಮರಳು ಮಿಶ್ರಿತ ಕೆಂಪು ಮಣ್ಣು, ಎರಡು ಬುಟ್ಟಿ ಹಳೇ ಗೊಬ್ಬರ ಸೇರಿಸಿ ಕಾಲುವೆ ಮುಚ್ಚಿ, ನೀರು ಬಿಡಿ. ಮೂರು ವಾರ ಬಿಟ್ಟು ಉಳಿದ ಮೂರು ಭಾಗ ಇದೇ ರೀತಿ.

ಗಾಳಿ ಕಾಲದಲ್ಲೇ ಬೇರು ಕಡಿದರೆ ತೊಂದರೆ ಅಲ್ವಾ ಅಂತ ಕೇಳಬಹುದು. ಅದಕ್ಕೇ ಅರ್ಧರ್ಧ. ಒಂದರ್ಧ ಕಡಿದಾಗ ಇನ್ನೊಂದರ್ಧ ಗಿಡವನ್ನು ಸಾಕುತ್ತದೆ.

ಎರಡನೇ ಸಲ ತೋಡುವಾಗ ಮೊದಲ ಕಾಲುವೆ ಮಣ್ಣನ್ನು ಬೆರಳಲ್ಲಿ ಮೆಲ್ಲಗೆ ಕೆದಕಿ ನೋಡಿ. ಕಡಿದ ಬೇರಿನ ತುದಿ ಸುತ್ತ ಬಿಳಿ ಎಳೆಗಳು ಶಾವಿಗೆ ಹಾಗೆ ಗೊಂಚಲಾಗಿ ಬಂದಿರುತ್ತವೆ. ಮುಟ್ಟಿದರೆ ಪಟ್ಟನೆ ಮುರಿಯುವಷ್ಟು ಎಳಸು. ನೀರು ಕುಡಿಯೋದು ಇವೇ. ಹೆಬ್ಬೆರಳು ದಪ್ಪದ ಹಳೇ ಬೇರು ಬರೀ ಪೈಪು ಇದ್ದ ಹಾಗೆ. ಮುಂಚೆ ಕಡಿಯದೆ ನೇರ ಎತ್ತಿದರೆ ನಿಮ್ಮ ಕೈಗೆ ಬರೋದು ಪೈಪು ಮಾತ್ರ, ಕುಡಿಯೋ ಬಾಯಿ ಎಲ್ಲಾ ಹಳೇ ಜಾಗದಲ್ಲೇ ಉಳಿಯುತ್ತದೆ. ಈ ಏಳು ವಾರದಲ್ಲಿ ಹೊಸ ಬಾಯಿಗಳು ಬುಡದ ಹತ್ತಿರವೇ ಬಂದಿರುತ್ತವೆ. ಎತ್ತುವಾಗ ಬುಡದಿಂದ ಒಂದು ಅಡಿಗೆ ತೋಡಿದರೆ ಅವೂ ಹೆಂಟೆ, ಅಂದರೆ ಬೇರು ಹಿಡಿದ ಮಣ್ಣಿನ ಉಂಡೆ ಜೊತೆ ಬರುತ್ತವೆ.

ಎತ್ತುವ ವಿಧಾನ ಹತ್ತಿರ ಬಂದಾಗ ಬರೆಯುತ್ತೇನೆ. ಈಗಲೇ ಬರೆದರೆ ನಿಮ್ಮ ಹುಡುಗ ನಾಳೆನೇ ಎತ್ತಿಬಿಡುತ್ತಾನೆ.

ಅದೇ ಪ್ರಶ್ನೆಯವರು: ಅಯ್ಯೋ ಹೌದು ಅಣ್ಣ, ಅವನು ಹಾಗೇ. ಇನ್ನೊಂದು, ಪಕ್ಷ ಮಾಸದಲ್ಲಿ ಗಿಡ ಕೀಳಬಾರದು ಅಂತ ಅತ್ತೆ ಹೇಳ್ತಿದ್ದಾರೆ.

ಉತ್ತರ: ಕೀಳಬೇಡಿ. ಮಹಾಲಯ ಅಮಾವಾಸ್ಯೆ ಕಳೆಯಲಿ. ಗಿಡಕ್ಕೂ ನಷ್ಟ ಇಲ್ಲ, ಮನೆಯಲ್ಲೂ ಶಾಂತಿ. ಹಾಗೇ ಬೇರು ಕಡಿಯುವ ದಿನ ಅತ್ತೆಯವರನ್ನೇ ಕುರ್ಚಿ ಹಾಕಿ ಕೂರಿಸಿ. ಅವರ ಕಣ್ಣೆದುರು ಹುಡುಗ ಗುದ್ದಲಿ ಬೀಸಲ್ಲ.

ಪ್ರಶ್ನೆ (ಚಿತ್ರದುರ್ಗ, ತುರುವನೂರು ರಸ್ತೆ): ಸರ್, ಮೂರು ವಾರದ ಹಿಂದೆ 8 ಇಕ್ಸೋರ ಗಿಡ ಕಿತ್ತು ಕಾಂಪೌಂಡ್ ಗೋಡೆ ಪಕ್ಕ ಸಾಲಾಗಿ ಹಾಕಿದೆ. ಐದು ವರ್ಷದ ಗಿಡಗಳು, ಮೂರು ಅಡಿ ಎತ್ತರ. ಗರಸು (ಸಣ್ಣ ಕಲ್ಲು ಬೆರೆತ) ಮಣ್ಣು. ಈಗ ಮೂರು ಗಿಡದಲ್ಲಿ ಎಲೆ ಒಣಗಿ ಕಂದಾಗಿದೆ, ಉದುರುತ್ತಿಲ್ಲ. ಐದರಲ್ಲಿ ಎಲೆ ಹಳದಿಯಾಗಿ ಉದುರಿ ಬರೀ ಕಡ್ಡಿ ನಿಂತಿದೆ. ಅಂಗಡಿಯವರು 19-19-19 ಗೊಬ್ಬರ ಮತ್ತು ಬೇರಿನ ಟಾನಿಕ್ ಅಂತ ಒಂದು ಬಾಟಲಿ ಕೊಟ್ಟರು, ಎರಡು ಸಲ ಹಾಕಿದ್ದೇನೆ. ಕಿತ್ತು ಬಿಸಾಕಲಾ?

ಉತ್ತರ: ನೀವು ಇಷ್ಟು ವಿವರ ಬರೆದದ್ದು ಒಳ್ಳೆಯದಾಯ್ತು, ಉತ್ತರ ಅದರಲ್ಲೇ ಇದೆ. ಬೋಳಾದ ಐದು ಗಿಡದ ಮೇಲೆ ನನಗೆ ನಂಬಿಕೆ ಇದೆ. ಒಣಗಿದ ಎಲೆ ಅಂಟಿಕೊಂಡೇ ಇರೋ ಮೂರರ ಮೇಲೆ ಇಲ್ಲ.

ಜನ ಉಲ್ಟಾ ತಿಳಿಯುತ್ತಾರೆ. ಎಲೆ ಉದುರಿದ್ದು ಸತ್ತಿದೆ, ಎಲೆ ಇರೋದು ಬದುಕಿದೆ ಅಂತ. ಎಲೆ ಉದುರಿಸೋದು ಗಿಡ ತಾನೇ ಮಾಡುವ ಕೆಲಸ. ತೊಟ್ಟಿನ ಬುಡದಲ್ಲಿ ಒಂದು ಪದರ ಕಟ್ಟಿ ಎಲೆಯನ್ನು ಕಳಚುತ್ತದೆ. ನೀರಿನ ಖರ್ಚು ಕಡಿಮೆ ಮಾಡಿಕೊಳ್ಳುತ್ತದೆ. ಆ ಕೆಲಸ ಮಾಡೋಕೆ ಕೊಂಬೆಗೆ ಜೀವ ಇರಬೇಕು. ಕಳಚುವ ಮೊದಲೇ ಕೊಂಬೆ ಸತ್ತರೆ ಎಲೆ ಅಲ್ಲೇ ಒಣಗಿ ನೇತಾಡುತ್ತದೆ.

ಖಾತ್ರಿ ಬೇಕಾದರೆ ಉಗುರಿನಲ್ಲಿ ತೊಗಟೆ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರು, ತೇವ ಇದ್ದರೆ ಜೀವ ಇದೆ. ಕಂದು, ಒಣಕಲು ಇದ್ದರೆ ಇಲ್ಲ. ತುದಿಯಿಂದ ಶುರು ಮಾಡಿ ಕೆಳಗೆ ಬುಡದವರೆಗೆ ಕೆರೆಯುತ್ತಾ ಬನ್ನಿ. ಎಲ್ಲಿ ಹಸಿರು ಸಿಗುತ್ತದೋ ಅಲ್ಲಿಗೆ ಕತ್ತರಿಸಿ. ಆ ಮೂರರಲ್ಲೂ ಬುಡದಲ್ಲಿ ಹಸಿರು ಇದ್ದರೆ ದೀಪಾವಳಿವರೆಗೆ ಕಾಯಿರಿ, ಬಿಸಾಕಬೇಡಿ.

19-19-19 ಇವತ್ತೇ ನಿಲ್ಲಿಸಿ. ಗೊಬ್ಬರ ಅಂದರೆ ಉಪ್ಪು. ಬೇರು ಗಾಯ ಆಗಿರುವಾಗ ಉಪ್ಪಿನ ನೀರು ಹಾಕಿದರೆ ಇನ್ನಷ್ಟು ಒಣಗುತ್ತದೆ. ಟಾನಿಕ್ ಬಾಟಲಿ ಬಗ್ಗೆ ನಾನು ಜಾಸ್ತಿ ಮಾತಾಡಲ್ಲ. 26 ವರ್ಷದಲ್ಲಿ ಅದರಿಂದಲೇ ಬದುಕಿದ ಗಿಡ ಒಂದೂ ನೋಡಿಲ್ಲ. ಹೊಸ ಚಿಗುರು ಬಂದು ಎರಡು ತಿಂಗಳಾಗುವವರೆಗೆ ನೀರು ಬಿಟ್ಟು ಏನೂ ಬೇಡ.

ಇನ್ನೊಂದು ಅನುಮಾನ ಇದೆ. ಗೋಡೆ ಪಕ್ಕ ಅಂದಿರಿ. ಗೋಡೆ ಕಟ್ಟಿದಾಗ ಬಿದ್ದ ಸಿಮೆಂಟು, ಗಾರೆ ಚೂರು ಅಲ್ಲೇ ಮಣ್ಣಲ್ಲಿ ಸೇರಿರುತ್ತದೆ. ಅದು ಸುಣ್ಣದ ಅಂಶ. ಇಕ್ಸೋರಕ್ಕೆ ಹುಳಿ ಮಣ್ಣು ಇಷ್ಟ, ಸುಣ್ಣ ಕಂಡರೆ ಆಗಲ್ಲ. ಎಳೆ ಎಲೆ ಹಳದಿ, ನರ ಮಾತ್ರ ಹಸಿರು ಅಂತ ಬಂದರೆ ಅದೇ ಕಾರಣ. ಬೋರ್‌ವೆಲ್ ನೀರು ಗಡಸಾಗಿದ್ದರೆ ಇನ್ನೂ ಕಷ್ಟ. ಬಕೆಟ್ಟಿಗೆ ಬಿಳಿ ಪದರ ಕಟ್ಟುತ್ತಾ ನೋಡಿ. ಕಟ್ಟಿದರೆ ಮಳೆ ನೀರು ಹಿಡಿದು ಹಾಕಿ. ಮನೆಯ ಆರ್‌ಓ ಫಿಲ್ಟರಿನಿಂದ ಹೊರಗೆ ಬೀಳುವ ನೀರಂತೂ ಬೇಡವೇ ಬೇಡ, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ.

ಮಧ್ಯದಲ್ಲಿ ಒಬ್ಬರು (ಹರಿಹರ): ಅಣ್ಣಾರೆ, ಜೆಸಿಬಿಯಲ್ಲಿ ಎತ್ತಿಸಿದರೆ ಹೆಂಗ್ರಿ? ಐದು ನಿಮಿಷದ ಕೆಲಸ.

ಉತ್ತರ: ಗಿಡ ಎತ್ತೋದು ಐದು ನಿಮಿಷ, ಸಾಯೋದು ಐದು ದಿನ. ಬಕೆಟ್ ಬೇರನ್ನು ಕತ್ತರಿಸಲ್ಲ, ಹರಿಯುತ್ತದೆ. ಸುತ್ತ ಕೈಯಲ್ಲೇ ತೋಡಿ, ಗೋಣಿ ಸುತ್ತಿ, ಹೆಂಟೆ ಅಡಿಗೆ ಬೆಲ್ಟ್ ಹಾಕಿ, ಎತ್ತೋಕೆ ಮಾತ್ರ ಜೆಸಿಬಿ ಬಳಸಿದರೆ ಅಡ್ಡಿ ಇಲ್ಲ.

ಪ್ರಶ್ನೆ (ಚಿತ್ರದುರ್ಗ): ಗೇಟಿನ ಮೇಲೆ ಹಬ್ಬಿದ 15 ವರ್ಷದ ಬೋಗನ್‌ವಿಲ್ಲಾ. ಬುಡ ನನ್ನ ತೋಳು ದಪ್ಪ. ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಹೋಗುತ್ತಿದ್ದೇವೆ. ಜೊತೆಗೆ ಒಯ್ಯೋಣ ಅಂತ ಮಗಳ ಆಸೆ.

ಉತ್ತರ: ಬೇಡ. ನೇರವಾಗಿ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಾಗದದ ಹೂವಿನ ಗಿಡ ನೋಡೋಕೆ ಒರಟು, ಬೇರು ಮಾತ್ರ ಬಲು ನಾಜೂಕು. ಹೆಂಟೆ ಒಡೆದರೆ ಬೇರು ಮುರಿದು ಹೋಗುತ್ತದೆ. ನಿಮ್ಮ ಕಡೆಯ ಗರಸು ಮಣ್ಣಿನಲ್ಲಿ ಹೆಂಟೆ ನಿಲ್ಲೋದೂ ಇಲ್ಲ. ಬಾಡಿಗೆ ಮನೆ ಅಂದರೆ ಮಾಲೀಕರನ್ನೂ ಕೇಳಬೇಕಲ್ಲ.

ಮಗಳಿಗೆ ಅದೇ ಗಿಡ ಬೇಕು, ಅಷ್ಟೇ ತಾನೆ? ಕಡ್ಡಿ ನೆಡಿ. ಪೆನ್ಸಿಲ್ ದಪ್ಪದ ಬಲಿತ ಕೊಂಬೆ, ಒಂದು ಗೇಣು ಉದ್ದ, 10 ಕಡ್ಡಿ ತೆಗೆಯಿರಿ. ಎಲೆ ತೆಗೆದು, ಮರಳು ಮಣ್ಣಿನ ಚೀಲದಲ್ಲಿ ಮೂರನೇ ಒಂದು ಭಾಗ ಹುಗಿದು ನೆರಳಲ್ಲಿಡಿ. ಹತ್ತೂ ಹತ್ತಲ್ಲ, ನಾಲ್ಕಾದರೂ ಹತ್ತುತ್ತವೆ. ಎರಡು ವರ್ಷಕ್ಕೆ ಗೇಟು ಮುಚ್ಚುತ್ತದೆ. ಹಳೇ ಗಿಡ ಹಳೇ ಮನೆಯಲ್ಲಿ ಚೆನ್ನಾಗಿರಲಿ.

ಪ್ರಶ್ನೆ (ಹೊಳಲ್ಕೆರೆ): ದುಂಡು ಮಲ್ಲಿಗೆ ಆರು ವರ್ಷದ್ದು, ಗುಲಾಬಿ ನಾಲ್ಕು ವರ್ಷದ್ದು, ಕರಿಬೇವು ಹತ್ತು ವರ್ಷದ್ದು. ಮೂರನ್ನೂ ಒಟ್ಟಿಗೆ ಎತ್ತಬೇಕು. ಕೆಂಪು ಮಣ್ಣು.

ಉತ್ತರ: ಒಟ್ಟಿಗೆ ಬೇಡ, ಮೂರಕ್ಕೂ ಬೇರೆ ಬೇರೆ ಕಾಲ.

ಮಲ್ಲಿಗೆಯನ್ನು ಹೇಗೂ ನವೆಂಬರ್ ಕೊನೆಯಿಂದ ಜನವರಿಯೊಳಗೆ ಕತ್ತರಿಸುತ್ತೀರಿ. ಆ ವರ್ಷದ ಕತ್ತರಿ ಮತ್ತು ಎತ್ತೋದು ಎರಡೂ ಒಂದೇ ದಿನ ಮಾಡಿ. ನೆಲದಿಂದ ಒಂದೂವರೆ ಅಡಿ ಬಿಟ್ಟು ಎಲ್ಲಾ ಕತ್ತರಿಸಿ, ಆಮೇಲೆ ಎತ್ತಿ. ಎಲೆಯೇ ಇಲ್ಲದ ಮೇಲೆ ಗಾಳಿ, ಬಿಸಿಲು ಏನು ಮಾಡುತ್ತವೆ? ಮಳೆ ಇರಲ್ಲ, ನೀರು ನೀವೇ ಹಾಕಬೇಕು.

ಗುಲಾಬಿ ಅಕ್ಟೋಬರ್ ಕತ್ತರಿ ಜೊತೆ. ಅದರಲ್ಲಿ ಒಂದು ನೋಡಿಕೊಳ್ಳಿ. ಕಸಿ ಮಾಡಿದ ಗುಲಾಬಿಗೆ ಬುಡದಲ್ಲಿ ಒಂದು ಗಂಟು ಇರುತ್ತದೆ. ಹೊಸ ಜಾಗದಲ್ಲಿ ಆ ಗಂಟು ಮಣ್ಣಿನ ಮೇಲೇ ಇರಬೇಕು. ಗಂಟಿನ ಕೆಳಗಿಂದ ಚಿಗುರು ಬಂದರೆ ಅದು ಕಾಡು ಗುಲಾಬಿ, ಕಿತ್ತು ಹಾಕಿ. ಬಿಟ್ಟರೆ ಗಿಡವೆಲ್ಲಾ ಅದೇ ಆಗುತ್ತದೆ. ಆಮೇಲೆ "ನನ್ನ ಕೆಂಪು ಗುಲಾಬಿ ಹೂವು ಬಿಡ್ತಾನೇ ಇಲ್ಲ" ಅಂತ ನನ್ನ ಹತ್ತಿರ ಬರುತ್ತೀರಿ.

ಕರಿಬೇವು ಬಿಡಿ. ಹತ್ತು ವರ್ಷದ್ದು ಮರವೇ ಆಗಿರುತ್ತದೆ, ಬೇರು ಆಳಕ್ಕೆ ಹೋಗಿರುತ್ತದೆ. ಬುಡದ ಸುತ್ತ ಬೇರಿನಿಂದ ಎದ್ದ ಮರಿಗಳು ಇರುತ್ತವಲ್ಲ, ಒಂದು ಅಡಿ ಎತ್ತರದ್ದು ಮೂರ್ನಾಲ್ಕು ಬೇರು ಸಮೇತ ತೆಗೆದು ನೆಡಿ. ನುಗ್ಗೆ, ಪಪ್ಪಾಯ ಬಗ್ಗೆ ಕೇಳೋಕೆ ಹೊರಟವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಬೆಳೆದದ್ದನ್ನು ಎತ್ತಬೇಡಿ. ನುಗ್ಗೆ ಕೊಂಬೆ ಕಡಿದು ನೆಟ್ಟರೆ ಬರುತ್ತದೆ, ಪಪ್ಪಾಯ ಹೊಸ ಸಸಿ ಹಾಕಿ.

ಪ್ರಶ್ನೆ (ಎಂಸಿಸಿ ಬಿ ಬ್ಲಾಕ್, ದಾವಣಗೆರೆ): ಕಣಗಿಲೆ ಎತ್ತುವಾಗ ಕೈ ಉರಿಯುತ್ತದಂತೆ, ನಿಜವಾ?

ಉತ್ತರ: ಉರಿ ದೊಡ್ಡ ವಿಷಯ ಅಲ್ಲ. ಕಣಗಿಲೆ ಎಲೆ, ಕಾಂಡ, ಬೇರು, ಎಲ್ಲವೂ ವಿಷ. ಕೈಗವಸು ಹಾಕಿ. ಕತ್ತರಿಸಿದ ಕೊಂಬೆಗೆ ಬೆಂಕಿ ಹಾಕಬೇಡಿ, ಹೊಗೆಯೂ ಕೆಟ್ಟದ್ದು. ರಸ್ತೆಗೆ ಎಸೆಯಬೇಡಿ, ಬೀದಿ ದನ, ಆಡು ತಿಂದರೆ ಕಷ್ಟ. ಗಿಡ ಮಾತ್ರ ಸುಲಭವಾಗಿ ಹತ್ತುತ್ತದೆ. ನಂದಿಬಟ್ಟಲೂ ಅಷ್ಟೇ ಸುಲಭ.

(ಸೆಪ್ಟೆಂಬರ್ ಕೊನೆಯ ವಾರ)

ವಿದ್ಯಾನಗರದವರು: ಅಣ್ಣ, ಎರಡು ಸಲವೂ ಬೇರು ಕಡಿಸಿದ್ದಾಯ್ತು. ಶಾವಿಗೆ ಬೇರು ಬಂದದ್ದು ಅತ್ತೆಯೇ ಕೆದಕಿ ತೋರಿಸಿದರು! ಎರಡು ದಿನದಿಂದ ಮಳೆ. ಈಗ ಎತ್ತಬಹುದಾ?

ಉತ್ತರ: ಮಳೆ ನಿಂತು ಎರಡು ದಿನ ಬಿಡಿ. ಎರೆ ಮಣ್ಣು ಹದಕ್ಕೆ ಬರಬೇಕು. ಹಸಿ ಇದ್ದರೆ ಹೆಂಟೆ ಕೆಸರಾಗಿ ಜಾರುತ್ತದೆ, ಒಣಗಿದ್ದರೆ ಬಿರಿದು ಬೇರು ಹರಿಯುತ್ತದೆ. ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡಿ. ನಾಲ್ಕೈದು ಚೂರಾದರೆ ಹದ. ಪಚ್ ಅಂತ ಅಪ್ಪಚ್ಚಿಯಾದರೆ ಇನ್ನೊಂದು ದಿನ.

ಗಿಡ ಎತ್ತುವ ಮೊದಲೇ ಹೊಸ ಗುಂಡಿ ತಯಾರಿರಬೇಕು. ಎತ್ತಿಟ್ಟು ಗುಂಡಿ ತೋಡುತ್ತಾ ಕೂತರೆ ಅಷ್ಟರಲ್ಲಿ ಎಳೆ ಬೇರು ಒಣಗುತ್ತದೆ. ಅಗಲ ಹೆಂಟೆಯ ಎರಡರಷ್ಟು, ಅಂದರೆ ನಾಲ್ಕು ಅಡಿ. ಆಳ ಹೆಂಟೆಯಷ್ಟೇ, ಒಂದೂಕಾಲು ಅಡಿ. ಜನ ಬಾವಿ ತೋಡಿದ ಹಾಗೆ ಆಳ ತೋಡಿ ಸಡಿಲ ಮಣ್ಣು ತುಂಬುತ್ತಾರೆ, ಆಮೇಲೆ ಗಿಡ ಕುಸಿದು ಬುಡ ಹುಗಿದುಹೋಗುತ್ತದೆ. ಗುಂಡಿಗೆ ಎರಡು ಬಕೆಟ್ ನೀರು ಹುಯ್ದು ನೋಡಿ. ಮಾರನೇ ದಿನವೂ ನಿಂತಿದ್ದರೆ ಎರಡು ಮೂರು ಇಂಚು ಎತ್ತರಿಸಿ ದಿಬ್ಬದ ಮೇಲೆ ನೆಡಬೇಕು. ಎರೆಯಲ್ಲಿ ಬಹುಪಾಲು ಹೀಗೇ ಆಗುತ್ತದೆ. ಇನ್ನೊಂದು, ಹಸಿ ಎರೆಯಲ್ಲಿ ಸಲಿಕೆ ತಾಗಿದ ಕಡೆ ಗುಂಡಿಯ ಗೋಡೆ ಕುಂಬಾರನ ಮಡಕೆ ಹಾಗೆ ನುಣುಪಾಗಿರುತ್ತದೆ. ಬೇರು ಅದನ್ನು ತೂರಲ್ಲ, ಸುತ್ತ ಸುತ್ತುತ್ತದೆ. ಗುದ್ದಲಿ ಮೊನೆಯಲ್ಲಿ ಗೀರಿ ಒರಟು ಮಾಡಿ. ಗುಂಡಿಗೆ ಬರೀ ಗೊಬ್ಬರ ತುಂಬಬೇಡಿ. ತೆಗೆದ ಮಣ್ಣೇ ಸಾಕು, ಒಂದು ಬುಟ್ಟಿ ಹಳೇ ಗೊಬ್ಬರ ಬೆರೆಸಬಹುದು.

ಎತ್ತುವ ಹಿಂದಿನ ದಿನ ಬುಡಕ್ಕೆ ನೀರು ಬೇಡ, ಮಳೆ ಆಗಿದೆ. ಆಗದೇ ಇದ್ದಿದ್ದರೆ ಹಾಕಬೇಕಿತ್ತು. ಮೂರನೇ ಒಂದು ಭಾಗ ಕೊಂಬೆ ಕತ್ತರಿಸಿ. ಅದಕ್ಕಿಂತ ಜಾಸ್ತಿ ಬೇಡ, ಬೇರು ಹೊಡೆಯೋಕೆ ಅನ್ನ ಎಲೆಯಿಂದಲೇ ಬರಬೇಕು. ಮೊಗ್ಗು, ಹೂವು ಎಲ್ಲಾ ಕಿತ್ತುಬಿಡಿ. ಪಶ್ಚಿಮದ ಕಡೆಯ ಕೊಂಬೆಗೆ ಒಂದು ಕೆಂಪು ದಾರ ಕಟ್ಟಿ, ಹೊಸ ಜಾಗದಲ್ಲೂ ಅದು ಪಶ್ಚಿಮಕ್ಕೇ ಇರಲಿ. ಬುಡದಲ್ಲಿ ಮಣ್ಣಿನ ಮಟ್ಟಕ್ಕೂ ಒಂದು ಗುರುತು.

ಸಂಜೆ ನಾಲ್ಕರ ಮೇಲೆ ಶುರು ಮಾಡಿ. ಬುಡದಿಂದ ಒಂದು ಅಡಿಗೆ ಸುತ್ತ ತೋಡಿ, ಕೆಳಗೆ ಹೋಗ್ತಾ ಒಳಕ್ಕೆ ಸರಿಯಿರಿ. ಹೆಂಟೆ ಬಾಂಡ್ಲಿ ಆಕಾರಕ್ಕೆ ಬರಬೇಕು. ಅಡಿ ಬಿಡಿಸುವ ಮೊದಲೇ ಸುತ್ತ ಗೋಣಿಚೀಲ ಹಾಕಿ ತೆಂಗಿನ ನಾರಿನ ಹಗ್ಗದಲ್ಲಿ ಬಿಗಿಯಿರಿ. ಆಮೇಲೆ ಹಾರೆ ಕೊಟ್ಟು ಅಡಿ ಬೇರು ಕತ್ತರಿಸಿ. ಒಂದು ಘನ ಅಡಿ ಒದ್ದೆ ಮಣ್ಣು ಹತ್ತಿರ ಹತ್ತಿರ 50 ಕೆಜಿ. ನಿಮ್ಮ ಹೆಂಟೆ ಸುಮಾರು ಮೂರು ಘನ ಅಡಿ ಬರುತ್ತದೆ. 150 ಕೆಜಿ! ನಾಲ್ಕು ಜನ ಬೇಕು. ಓರೆ ಮಾಡಿ ಅಡಿಗೆ ತಾಡಪಾಲು ತೂರಿಸಿ, ನಾಲ್ಕು ಮೂಲೆ ಹಿಡಿದು ಎತ್ತಿ. ಕಾಂಡ ಹಿಡಿದು ಮಾತ್ರ ಎತ್ತಬೇಡಿ. ನೂರಕ್ಕೆ ತೊಂಬತ್ತು ಜನ ಅದನ್ನೇ ಮಾಡೋದು. ಹೆಂಟೆ ಅಲ್ಲೇ ಕಳಚಿ ಬೀಳುತ್ತದೆ.

ಗುಂಡಿಯಲ್ಲಿ ಕೂರಿಸಿ, ದಾರ, ಗುರುತು ನೋಡಿ, ಹಗ್ಗ ಬಿಚ್ಚಿ, ಗೋಣಿಯನ್ನು ಮೆಲ್ಲಗೆ ಎಳೆದುಕೊಳ್ಳಿ. ಪ್ಲಾಸ್ಟಿಕ್ ಚೀಲ ಬಳಸಿದ್ದರೆ ಒಂದು ಎಳೆಯೂ ಒಳಗೆ ಉಳಿಯಬಾರದು. ಅರ್ಧ ಮಣ್ಣು ತುಂಬಿ ಒಂದು ಬಕೆಟ್ ನೀರು, ಇಂಗಿದ ಮೇಲೆ ಪೂರ್ತಿ ತುಂಬಿ ಇನ್ನೆರಡು ಬಕೆಟ್. ಕಾಲಲ್ಲಿ ತುಳಿಯಬೇಡಿ, ನೀರೇ ಮಣ್ಣನ್ನು ಕೂರಿಸುತ್ತದೆ. ಎರಡು ಗೂಟ ಹೊಡೆದು ಹಳೇ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ಗಿಡ ಅಲ್ಲಾಡಿದರೆ ಹೊಸ ಬೇರು ಮುರಿಯುತ್ತದೆ. ಪಶ್ಚಿಮಕ್ಕೆ ಹಸಿರು ನೆಟ್ ಅಥವಾ ಹಳೇ ಕಾಟನ್ ಸೀರೆ.

ಬುಡಕ್ಕೆ ಮೂರು ಇಂಚು ಹೊದಿಕೆ. ಅಡಿಕೆ ಸಿಪ್ಪೆ, ಭತ್ತದ ಹುಲ್ಲು, ಏನು ಸಿಕ್ಕರೂ ಆಯ್ತು. ಚಳ್ಳಕೆರೆ ಕಡೆಯವರಿಗೆ ಶೇಂಗಾ ಸಿಪ್ಪೆ ಬೇಕಾದಷ್ಟು. ಕಾಂಡದಿಂದ ನಾಲ್ಕು ಬೆರಳು ದೂರ ಇರಲಿ, ಇಲ್ಲದಿದ್ದರೆ ಗೆದ್ದಲು ಹತ್ತುತ್ತದೆ.

ನೀರು ಲೆಕ್ಕ ಇಟ್ಟು ಹಾಕಬೇಡಿ, ಬೆರಳು ಇಟ್ಟು ಹಾಕಿ. ಎರಡು ಇಂಚು ಒಳಗೆ ಬೆರಳು ಚುಚ್ಚಿ, ತೇವ ಇದ್ದರೆ ಬೇಡ. ತುಂತುರು ಬಂತು ಅಂತ ಬಿಡಬೇಡಿ, ಅದು ಮೇಲಿನ ಅರ್ಧ ಇಂಚು ಮಾತ್ರ ನೆನೆಸಿರುತ್ತದೆ.

(ಅಕ್ಟೋಬರ್ ಮೂರನೇ ವಾರ)

ವಿದ್ಯಾನಗರದವರು: ಅಣ್ಣ, ಗೆದ್ವಿ! ಮೊದಲ ವಾರ ಅರ್ಧ ಎಲೆ ಉದುರಿತು, ಮನೆಯಲ್ಲಿ ಮಾತುಕತೆಯೇ ನಿಂತಿತ್ತು. ನೀವು ಹೇಳಿದ್ದು ನೆನಪಿಸಿಕೊಂಡು ಉಗುರಲ್ಲಿ ಕೆರೆದು ಹಸಿರು ತೋರಿಸಿದೆ. ಇವತ್ತು ಎಲ್ಲಾ ಕೊಂಬೆಯಲ್ಲೂ ಚಿಗುರು, ಎರಡು ಮೊಗ್ಗು ಕೂಡ. ಸೀರೆ ತೆಗೆದು ಗೊಬ್ಬರ ಹಾಕಲಾ? ಮೊದಲ ಹೂವು ದೇವರಿಗೆ ಅಂತ ಅತ್ತೆ ಕಾಯ್ತಿದ್ದಾರೆ.

ಉತ್ತರ: ಸಂತೋಷ ಅಕ್ಕ. ಆದರೆ ಸೀರೆ ಇರಲಿ, ಗೊಬ್ಬರ ಬೇಡ. ಈ ಚಿಗುರು ಕಾಂಡದಲ್ಲಿ ಉಳಿದಿದ್ದ ಶಕ್ತಿಯದು. ಕಡಿದು ಬಿಸಾಕಿದ ನುಗ್ಗೆ ಕೊಂಬೆಯೂ ಚಿಗುರುತ್ತದಲ್ಲ, ಹಾಗೆ. ಬೇರು ಹಿಡಿದಿದೆ ಅಂತ ಇನ್ನೂ ಹೇಳೋಕಾಗಲ್ಲ. ಈ ಚಿಗುರು ಮಧ್ಯಾಹ್ನದ ಬಿಸಿಲಲ್ಲೂ ಬಾಡದೆ ಮೂರು ವಾರ ನಿಂತರೆ ಆಗ ಸೀರೆ ತೆಗೆಯಿರಿ, ಅದೂ ಮೊದಲು ಬೆಳಗಿನ ಹೊತ್ತು ಮಾತ್ರ. ಗೊಬ್ಬರ ಡಿಸೆಂಬರ್‌ಗೆ ನೋಡೋಣ. ಬರುವ ಏಪ್ರಿಲ್, ಮೇನಲ್ಲಿ ಇದನ್ನು ಹೊಸ ಗಿಡ ಅಂತಲೇ ತಿಳಿದು ನೀರು ಹಾಕಬೇಕು, ಹಳೇ ಗಿಡ ಅಂತ ಬಿಟ್ಟರೆ ಬೇಸಿಗೆಯಲ್ಲಿ ಹೋಗುತ್ತದೆ.

ಮೊಗ್ಗು ಕಿತ್ತುಬಿಡಿ ಅಂತಲೇ ನಾನು ಹೇಳಬೇಕು. ಎರಡೇ ಅಲ್ವಾ? ಒಂದು ಕೀಳಿ, ಒಂದು ಅತ್ತೆಗೆ ಬಿಡಿ.